ವೈನ್ ಬಾಟಲಿಯ ಕಾರ್ಕ್ ಹಸಿ ಕಸವೋ, ಒಣ ಕಸವೋ?

ಸಂಪಿಗೆಮರ (ಸರಸ್ವತಿಪುರಂ), ಜನವರಿ 4

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಷಯ ಕೇಳಬೇಕಿತ್ತು. ಮೂರು ದಿನದಿಂದ ತಲೆಯಲ್ಲೇ ಕೂತಿದೆ.

ರಜೆಗೆ ಮಗಳು, ಅಳಿಯ, ಅವರ ಸ್ನೇಹಿತರು ಬಂದಿದ್ದರು. ಡಿಸೆಂಬರ್ 31ರ ರಾತ್ರಿ ಮನೆಯಲ್ಲೇ ಊಟ. ನಾಲ್ಕು ವೈನ್ ಬಾಟಲಿ ಖಾಲಿಯಾದವು. ಬಾಟಲಿಗಳನ್ನು ಗುಜರಿಯವರಿಗೆ ಎಂದು ಎತ್ತಿಟ್ಟೆ. ಕಾರ್ಕ್‌ಗಳನ್ನು ಮಾತ್ರ ಯೋಚನೆ ಮಾಡದೆ ತರಕಾರಿ ಸಿಪ್ಪೆ ಜೊತೆ ಹಾಕಿಬಿಟ್ಟೆ. ಬೆಳಿಗ್ಗೆ ಕಸದ ಗಾಡಿ ಬಂತು. ನಮ್ಮ ಬೀದಿಗೆ ಹನ್ನೊಂದು ವರ್ಷದಿಂದ ಒಬ್ಬರೇ ಅಮ್ಮ ಬರುತ್ತಾರೆ. ಅವರು ಬಕೆಟ್ ಬಗ್ಗಿಸಿ, ಬದನೆಕಾಯಿ ತೊಟ್ಟು, ಕಾಫಿ ಚರಟದ ನಡುವೆ ಬೆರಳು ಹಾಕಿ ಆ ನಾಲ್ಕು ಕಾರ್ಕ್‌ಗಳನ್ನು ಹೆಕ್ಕಿದರು. ಕಾಂಪೌಂಡ್ ಗೋಡೆ ಮೇಲೆ ಸಾಲಾಗಿ ಇಟ್ಟರು. "ಅಕ್ಕ, ಇದು ಹಸಿಗೋ ಒಣಕ್ಕೋ? ಹಸಿಗೆ ಹಾಕಿದ್ರೆ ಅಲ್ಲಿ ವಾಪಸ್ ಎತ್ತಿಸ್ತಾರೆ. ಒಣಕ್ಕೆ ಹಾಕಿದ್ರೆ ಯಾರೂ ತಗೊಳಲ್ಲ" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾನು ಯೋಚನೆ ಮಾಡಬೇಕಿದ್ದನ್ನು ಅವರು ಕೈ ಹಾಕಿ ಮಾಡಿದ್ದರು.

ಆಮೇಲೆ ಬೀರು ತೆಗೆದು ನೋಡಿದರೆ ನಮ್ಮ ಯಜಮಾನರು ಇದ್ದಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದ ಕಾರ್ಕ್‌ಗಳು ಸಿಕ್ಕವು. ಎಣಿಸಿದೆ, 63 ಇವೆ. ಇವನ್ನೆಲ್ಲ ಏನು ಮಾಡುವುದು? ನಮ್ಮ ಮೈಸೂರಲ್ಲಿ ಯಾರಾದರೂ ತಗೊಳ್ತಾರಾ? ನಿಮ್ಮ ಮನೆಯಲ್ಲೂ ಇರಬಹುದು, ಅಲ್ವಾ?

ಮಹಡಿತೋಟ (ಕುವೆಂಪುನಗರ), ಜನವರಿ 4

ಮೇಡಂ, ಕಾರ್ಕ್ ಅಂದರೆ ಮರದ ತೊಗಟೆ. ಆರಾಮಾಗಿ ಹಸಿ ಕಸಕ್ಕೆ ಹಾಕಿ. ಗೊಬ್ಬರ ಆಗುತ್ತೆ.

ಎರೆಹುಳು (ಬೋಗಾದಿ), ಜನವರಿ 4

ಆಗಲ್ಲ ಸರ್. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ವರ್ಷ ಯುಗಾದಿ ಹೊತ್ತಿಗೆ ನಮ್ಮ ಗೊಬ್ಬರದ ಡ್ರಮ್ಮಿಗೆ ಆರು ಕಾರ್ಕ್ ಹಾಕಿದೆ. ದೀಪಾವಳಿಗೆ ಗೊಬ್ಬರ ಜರಡಿ ಹಿಡಿದಾಗ ಆರೂ ಹಾಗೇ ಆಚೆ ಬಂದವು. ಮೇಲೆ ಬಣ್ಣ ಕಪ್ಪಾಗಿತ್ತು. ಉಗುರಿನಲ್ಲಿ ಗೀರಿದರೆ ಒಳಗೆ ಹೊಸದರ ಹಾಗೇ ಇತ್ತು. ತೆಂಗಿನ ಚಿಪ್ಪೂ ಅಷ್ಟೇ ಅಲ್ವಾ, ಬೇಗ ಕರಗಲ್ಲ.

ಕಾರಣ ಇದೆ. ಕಾರ್ಕ್ ತೊಗಟೆಯಲ್ಲಿ ಸುಬೆರಿನ್ ಅಂತ ಮೇಣದಂಥ ವಸ್ತು ಇರುತ್ತೆ. ನೀರನ್ನು ಒಳಗೆ ಬಿಡಲ್ಲ. ನೀರು ಹೋಗದೆ ಇದ್ದ ಕಡೆ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನ. ಅದಕ್ಕೇ ತಾನೇ ಅದನ್ನು ಬಾಟಲಿಗೆ ಹಾಕುವುದು. ತುಂಬ ಸಣ್ಣಗೆ ಪುಡಿ ಮಾಡಿ ಹಾಕಿದರೆ ನಿಧಾನಕ್ಕೆ ಮಣ್ಣಾಗುತ್ತೆ. ಇಡೀ ಕಾರ್ಕ್ ಹಾಕಿದರೆ ಆ ಅಮ್ಮನ ಹಾಗೆ ಇನ್ನೊಬ್ಬರು ಹೆಕ್ಕಬೇಕು ಅಷ್ಟೇ.

ಮಹಡಿತೋಟ (ಕುವೆಂಪುನಗರ), ಜನವರಿ 4

ಗೊತ್ತಿರಲಿಲ್ಲ ಸರ್, ತಿದ್ದಿಕೊಂಡೆ. ಹಾಗಾದರೆ ಕುಂಡದ ಕೆಳಗೆ ಇಡಬಹುದು. ನಾನು ಈಗ ಹೆಂಚಿನ ಚೂರು ಇಡುತ್ತಿದ್ದೇನೆ. ಕಾರ್ಕನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕುಂಡಕ್ಕೆ ಮೂರರಂತೆ ಕೆಳಗೆ ಇಟ್ಟರೆ ನೀರು ಹರಿದುಹೋಗುತ್ತೆ, ತಾರಸಿಗೆ ಪಾಚಿ ಕಟ್ಟಲ್ಲ. ಕೊಳೆಯಲ್ಲ ಅನ್ನುವುದು ಇಲ್ಲಿ ಒಳ್ಳೆಯದೇ ಆಯಿತು. ನನಗೆ 40 ಕುಂಡ ಇವೆ. 60 ಕಾರ್ಕ್ ಬೇಕು.

ದೂರದೂರು (ವಿಜಯನಗರ 2ನೇ ಹಂತ), ಜನವರಿ 5

ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಕೆಲಸದ ಮೇಲೆ ಮೂರು ವರ್ಷ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿದ್ದೆ. ಅಲ್ಲಿಂದ ದಕ್ಷಿಣಕ್ಕೆ ಅಲೆಂಟೆಜು ಅನ್ನುವ ಸೀಮೆ. ಬಯಲು, ಒಣ ಹುಲ್ಲು, ಅಲ್ಲಲ್ಲಿ ಕಾರ್ಕ್ ಓಕ್ ಮರಗಳು. ಒಂದು ಜೂನ್ ತಿಂಗಳಲ್ಲಿ ತೊಗಟೆ ಸುಲಿಯುವುದನ್ನು ಹತ್ತಿರ ನಿಂತು ನೋಡಿದೆ.

ಇಬ್ಬರು ಒಂದು ಮರಕ್ಕೆ. ಕೈಯಲ್ಲಿ ಕೊಡಲಿ ಮಾತ್ರ. ಮೊದಲು ಉದ್ದಕ್ಕೆ ಒಂದು ಗೆರೆ ಕಡಿಯುತ್ತಾರೆ. ಕೊಡಲಿ ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದು ಕೈಗೇ ಗೊತ್ತು. ಒಳಗಿನ ಪದರಕ್ಕೆ ಏಟು ಬಿದ್ದರೆ ಮರಕ್ಕೆ ಪೆಟ್ಟು. ಆಮೇಲೆ ಕೊಡಲಿಯ ಬಾಯನ್ನು ಸ್ವಲ್ಪ ತಿರುಗಿಸಿ ಮೀಟುತ್ತಾರೆ. ಹಲಸಿನ ಹಣ್ಣು ಬಿಡಿಸಿದ ಹಾಗೆ ಒಂದು ಸದ್ದು ಬರುತ್ತೆ. ಆಳೆತ್ತರದ ತೊಗಟೆ ಇಡಿಯಾಗಿ ಕಳಚಿಕೊಳ್ಳುತ್ತೆ. ಸುಲಿದ ಕಾಂಡ ಮೊದಲು ತಿಳಿ ಬಣ್ಣ, ಆಮೇಲೆ ದಿನ ಕಳೆದ ಹಾಗೆ ಕಾವಿ ಬಣ್ಣಕ್ಕೆ ತಿರುಗುತ್ತೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆಯುತ್ತಾರೆ. ಅವತ್ತು ಬರೆದದ್ದು 7. ಅಂದರೆ 2017ರಲ್ಲಿ ಸುಲಿದದ್ದು. ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು.

ಮರವನ್ನು ಕಡಿಯುವುದಿಲ್ಲ. ಗಿಡ ನೆಟ್ಟ ಮೇಲೆ ಮೊದಲ ಸುಲಿಗೆಗೆ ಸುಮಾರು 25 ವರ್ಷ. ಆ ತೊಗಟೆ ಗಂಟುಗಂಟಾಗಿರುತ್ತೆ, ಬಾಟಲಿಗೆ ಬರಲ್ಲ. ಎರಡನೆಯದೂ ಬರಲ್ಲ. ಮೂರನೇ ಸಲ, ಅಂದರೆ ಮರಕ್ಕೆ 43 ವರ್ಷ ಹತ್ತಿರ ಆದಾಗ, ಬಾಟಲಿಯ ಕಾರ್ಕ್ ಸಿಗುವುದು. ನೆಟ್ಟವರು ಅದನ್ನು ನೋಡುವುದೇ ಕಷ್ಟ, ಮಕ್ಕಳು ಮೊಮ್ಮಕ್ಕಳು ನೋಡುತ್ತಾರೆ. ಪ್ರಪಂಚದ ಕಾರ್ಕ್‌ನಲ್ಲಿ ಅರ್ಧದಷ್ಟು ಪೋರ್ಚುಗಲ್‌ದೇ. 2011ರಲ್ಲಿ ಅದನ್ನು ತಮ್ಮ ರಾಷ್ಟ್ರವೃಕ್ಷ ಮಾಡಿಕೊಂಡರು. ಅನುಮತಿ ಇಲ್ಲದೆ ಒಂದು ಮರ ಕಡಿದರೂ ತಪ್ಪು.

ಇದನ್ನು ನೋಡಿದ ಮೇಲೆ ನನಗೆ ಕಾರ್ಕ್ ಬಿಸಾಡಲು ಕೈ ಬರಲ್ಲ. ಒಂದು ಸಂಜೆಯ ಊಟಕ್ಕೆ 43 ವರ್ಷದ ಕಾಯುವಿಕೆ ಅದು.

ಹಳೇಸೀಸೆ (ಲಷ್ಕರ್ ಮೊಹಲ್ಲಾ), ಜನವರಿ 5

ಕಾರ್ಕ್‌ಗೆ ನಮ್ಮಲ್ಲಿ ಒಳ್ಳೇ ಹೆಸರಿದೆ, ಬಿರಡೆ. ನಮ್ಮಜ್ಜಿ ಸೀಮೆಎಣ್ಣೆ ಸೀಸೆಗೆ "ಬಿರಡೆ ಹಾಕೋ" ಅನ್ನುತ್ತಿದ್ದರು. ವೀಣೆಯ ತಂತಿ ಬಿಗಿಮಾಡುವ ಮರದ ಗೂಟಕ್ಕೂ ಬಿರಡೆ ಅಂತಲೇ ಹೆಸರು. ಮೈಸೂರಿನವರು ಈ ಮಾತನ್ನು ಮರೆಯಬಾರದು. ನಮ್ಮ ರಸ್ತೆ ಬದಿಯ ಆಕಾಶಮಲ್ಲಿಗೆಯ ತೊಗಟೆಯಿಂದಲೂ ಹಿಂದೆ ಕೆಳದರ್ಜೆಯ ಬಿರಡೆ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಅದನ್ನು ಇಂಡಿಯನ್ ಕಾರ್ಕ್ ಟ್ರೀ ಅನ್ನುವುದು ಅದಕ್ಕೇ.

ಮೂರನೇಮಹಡಿ (ಹೆಬ್ಬಾಳ), ಜನವರಿ 5

ನನ್ನ ಅನುಭವ ಹೇಳಿಬಿಡುತ್ತೇನೆ. ನೀವು ಅದೇ ತಪ್ಪು ಮಾಡಬಾರದು ಅಂತ.

ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಂದು ಡಬ್ಬ ಇಟ್ಟೆವು. ಕಾರ್ಕ್ ಹಾಕಿ ಎಂದು ಚೀಟಿ ಅಂಟಿಸಿದೆವು. ನಾನೇ ಮುಂದೆ ನಿಂತಿದ್ದೆ. ಪರಿಚಯದ ಎರಡು ರೆಸ್ಟೋರೆಂಟ್‌ನವರಿಗೂ ಹೇಳಿದೆ. ಎಂಟು ತಿಂಗಳಲ್ಲಿ ಮೂರು ಗೋಣಿಚೀಲ ತುಂಬಿತು. ಹೊರದೇಶಗಳಲ್ಲಿ ಕಾರ್ಕ್ ಪುಡಿ ಮಾಡಿ ನೆಲಹಾಸು, ಚಪ್ಪಲಿಯ ಅಟ್ಟೆ, ನೋಟಿಸ್ ಬೋರ್ಡ್ ಮಾಡುತ್ತಾರೆ ಎಂದು ಓದಿದ್ದೆ. ಇಲ್ಲೂ ಯಾರಾದರೂ ತಗೊಳ್ಳುತ್ತಾರೆ ಎಂದು ನಂಬಿದ್ದೆ. ಯಾರು ಅಂತ ಮೊದಲು ಕೇಳಿರಲಿಲ್ಲ.

ಚೀಲ ತುಂಬಿದ ಮೇಲೆ ಫೋನ್ ಮಾಡಲು ಶುರು ಮಾಡಿದೆ. ಗುಜರಿ ಅಂಗಡಿಯವರು ರೇಟೇ ಇಲ್ಲ ಅಂದರು. ಮರುಬಳಕೆ ಮಾಡುವ ಒಂದು ಕಂಪನಿಯವರು ಮೊದಲು ಹೂಂ ಅಂದು, ಆಮೇಲೆ ಟನ್ ಲೆಕ್ಕದಲ್ಲಿ ಇದ್ದರೆ ಮಾತ್ರ ಅಂದರು. ಒಂದು ಕಾರ್ಕ್ ಸುಮಾರು 4 ಗ್ರಾಂ. ಕಿಲೋಗೆ 250. ಟನ್ನಿಗೆ ಎರಡೂವರೆ ಲಕ್ಷ ಕಾರ್ಕ್. ನಮ್ಮ ಮೂರು ಚೀಲ ಎಲ್ಲಿ, ಅದು ಎಲ್ಲಿ.

ಅಷ್ಟರಲ್ಲಿ ಮಳೆಗಾಲ ಬಂತು. ಪಂಪ್ ರೂಮಿನಲ್ಲಿ ಇಟ್ಟಿದ್ದೆವು. ತೊಳೆಯದೆ, ಒಣಗಿಸದೆ ತುಂಬಿದ್ದ ಕಾರ್ಕ್‌ಗೆಲ್ಲ ಬೂಷ್ಟು ಹಿಡಿಯಿತು. ಚೀಲ ಬಿಚ್ಚಿದರೆ ಒದ್ದೆ ಗೋಡೆಯ ವಾಸನೆ. ಕೊನೆಗೆ ಮೂರೂ ಚೀಲ ಕಸದ ಲಾರಿಗೇ ಹೋಯಿತು. ಮನೆಯವರೆಲ್ಲ ನಂಬಿ ತಂದು ಹಾಕಿದ್ದರು. ಅವರಿಗೆ ಏನು ಹೇಳಬೇಕು ಎಂದು ಗೊತ್ತಾಗಲಿಲ್ಲ. ಆಮೇಲೆ ನಾನು ಯಾವ ಡಬ್ಬ ಇಡಲೂ ಹೇಳಿಲ್ಲ.

ಸಂಪಿಗೆಮರ, ಜನವರಿ 5

ಇದನ್ನು ಬಿಚ್ಚಿ ಹೇಳಿದ್ದು ತುಂಬ ಒಳ್ಳೆಯದಾಯಿತು. ನಾಳೆಯೇ ಡಬ್ಬ ಇಡೋಣ ಎಂದು ಬರೆಯಲು ಹೊರಟಿದ್ದೆ. ಬೇಡ. ಮೊದಲು ಯಾರಿಗೆ ಬೇಕು, ಎಂಥದ್ದು ಬೇಕು, ಎಷ್ಟು ಬೇಕು ಅಂತ ಕೇಳೋಣ. ಬೇಕಾದಷ್ಟೇ ಕೂಡಿಸೋಣ. ನಿಮ್ಮ ಕೈಗೆ ಕಾರ್ಕ್ ಬೇಕಾಗುವ ಕೆಲಸ ಏನಾದರೂ ಇದ್ದರೆ ಇಲ್ಲಿ ಬರೆಯಿರಿ. ಮಹಡಿತೋಟದವರದು ಮೊದಲನೆಯದು. 60.

ಹೆಸರು ಬೇಡ, ಜನವರಿ 6

ಬರೆಯಲೋ ಬೇಡವೋ ಎಂದು ನಿನ್ನೆಯಿಂದ ಯೋಚಿಸಿದೆ. ನಮ್ಮ ತಂದೆ ಕುಡಿತದಿಂದ ಹೋದರು. ಅಮ್ಮ ಮನೆ ನಡೆಸಲು ಪಟ್ಟ ಪಾಡು ನಾನು ನೋಡಿದ್ದೇನೆ. ವೈನ್ ಬೇರೆ, ಸಾರಾಯಿ ಬೇರೆ ಎನ್ನುತ್ತಾರೆ. ಕಾಯುತ್ತ ಕೂತ ಮಕ್ಕಳಿಗೆ ಎಲ್ಲ ಒಂದೇ. ಕಾರ್ಕ್ ಕೂಡಿಸುವುದು ಒಳ್ಳೇ ಕೆಲಸ ಇರಬಹುದು. ಆದರೆ ಅದರ ಹೆಸರಲ್ಲಿ ಬಾಟಲಿಯನ್ನು ಚೆಂದ ಮಾಡಿ ತೋರಿಸಬೇಡಿ. ಮಕ್ಕಳ ಕೈಗೆ ಕೊಡುವಾಗ ಯೋಚನೆ ಮಾಡಿ. ಇಷ್ಟೇ ಕೇಳಿಕೊಳ್ಳುವುದು.

ಸಂಪಿಗೆಮರ, ಜನವರಿ 6

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದನ್ನು ಇಲ್ಲಿ ಹೇಳಿದ್ದಕ್ಕೆ ಋಣಿ. ಹೆಚ್ಚು ಕುಡಿಯಲಿ, ಹೆಚ್ಚು ಕಾರ್ಕ್ ಬರಲಿ ಎನ್ನುವ ಆಸೆ ನನಗಿಲ್ಲ. ಆಗಲೇ ಮನೆಯಲ್ಲಿ ಇರುವುದು ಚರಂಡಿಗೆ ಹೋಗಬಾರದು, ಆ ಅಮ್ಮನ ಕೈಗೆ ಹೋಗಬಾರದು ಅನ್ನುವುದಷ್ಟೇ. ಬಾಟಲಿ, ಗ್ಲಾಸಿನ ಫೋಟೋ ಇಲ್ಲಿ ಯಾರೂ ಹಾಕದೆ ಇರೋಣ.

ಇನ್ನೊಂದು ವಿಷಯವೂ ಇದೆ. ನಮ್ಮೂರಲ್ಲಿ ಎಷ್ಟೋ ಮನೆಯವರು ಕಾರ್ಕನ್ನು ಪೇಪರಿನಲ್ಲಿ ಸುತ್ತಿ ಹಸಿ ಕಸದ ತಳಕ್ಕೆ ತುರುಕುವುದೇ ಪಕ್ಕದ ಮನೆಯವರು ನೋಡುತ್ತಾರೆ ಎಂದು. ನಾನೂ ಹಾಗೆ ಮಾಡಿದ್ದೇನೆ. ಬಚ್ಚಿಟ್ಟಷ್ಟೂ ಕಸ ಬೆರೆಯುತ್ತೆ. ಹೆಸರು ಹೇಳದೆ ಕೊಡುವ ದಾರಿ ಇರಬೇಕು.

ಒಳಾಂಗಣ (ಚಾಮುಂಡಿಪುರಂ), ಜನವರಿ 6

ಕಾರ್ಕ್ ಅಂದರೆ ವೈನ್ ಅಂತ ಮಾತ್ರ ಯಾಕೆ? ಶಟಲ್ ಕಾಕ್ ಯಾರಿಗೂ ನೆನಪಾಗಲಿಲ್ಲವಲ್ಲ!

ನಾನು ಬೆಳಿಗ್ಗೆ ಐದೂವರೆಗೆ ಬ್ಯಾಡ್ಮಿಂಟನ್ ಆಡಲು ಹೋಗುತ್ತೇನೆ. ಪುಕ್ಕದ ಶಟಲ್‌ನ ತಲೆ ಕಾರ್ಕ್‌ದೇ. ಮೇಲೆ ತೆಳ್ಳನೆಯ ಬಿಳಿ ಚರ್ಮ. ನಿಯಮದ ಪ್ರಕಾರ ತಲೆಯ ಅಗಲ 25ರಿಂದ 28 ಮಿಲಿಮೀಟರ್, 16 ಪುಕ್ಕ, ಒಟ್ಟು ತೂಕ ಐದು ಗ್ರಾಂ ಆಸುಪಾಸು. ಎರಡು ಪುಕ್ಕ ಮುರಿದರೆ ಶಟಲ್ ಕೆಲಸಕ್ಕೆ ಬರಲ್ಲ. ತಲೆಗೆ ಏನೂ ಆಗಿರಲ್ಲ. ನಮ್ಮ ಎರಡು ಕೋರ್ಟ್‌ಗೆ ದಿನಕ್ಕೆ ಹತ್ತು ಹನ್ನೆರಡು ಶಟಲ್ ಮೂಲೆಯ ಬುಟ್ಟಿಗೆ ಬೀಳುತ್ತವೆ. ಟೂರ್ನಮೆಂಟ್ ದಿನ ಇನ್ನೂ ಜಾಸ್ತಿ. ಮೈಸೂರಲ್ಲಿ ಎಷ್ಟು ಕೋರ್ಟ್ ಇವೆ, ಲೆಕ್ಕ ಹಾಕಿ.

ನಿನ್ನೆ ಕೂತು ಐದು ಶಟಲ್ ಬಿಡಿಸಿದೆ. ಪುಕ್ಕವನ್ನು ತಿರುಚಿ ಎಳೆದರೆ ಬರುತ್ತೆ, ಕೆಲವು ಬುಡದಲ್ಲೇ ಮುರಿಯುತ್ತೆ. ಚರ್ಮವನ್ನು ಬಿಸಿನೀರಲ್ಲಿ ನೆನೆಸಿ ಅಂಚಿನಿಂದ ಸುಲಿಯಬೇಕು. ಒಂದಕ್ಕೆ ನಾಲ್ಕೈದು ನಿಮಿಷ. ಒಳಗಿನದು ಅರ್ಧ ಲಿಂಬೆಹಣ್ಣಿನ ಆಕಾರ, ಮೇಲೆ 16 ತೂತು. ಕಮ್ಮಿ ಬೆಲೆಯದರಲ್ಲಿ ಕಾರ್ಕ್ ಬದಲು ಫೋಮ್ ಇರುತ್ತೆ, ಉಗುರು ಒತ್ತಿದರೆ ಗೊತ್ತಾಗುತ್ತೆ.

ಹೆಸರು ಬೇಡ ಅಂದವರ ಮಾತಿಗೂ ಇದು ಉತ್ತರ ಆಗಬಹುದು. ಮಕ್ಕಳಿಗೆ ಇದನ್ನೇ ಕೊಡಿ.

ಬಿಳಿಹಲಗೆ (ಸರ್ಕಾರಿ ಪ್ರೌಢಶಾಲೆ, ವಿಜ್ಞಾನ), ಜನವರಿ 7

ನನಗೆ ಕಾರ್ಕ್ ಬೇಕು. ಬಾಟಲಿಯದೇ ಬೇಕು. ಯಾಕೆ ಅಂತ ಹೇಳುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಜೀವಕೋಶದ ಪಾಠ ಇದೆ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್‌ನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಗೂಡಿನಂಥ ಸಣ್ಣ ಕೋಣೆಗಳನ್ನು ಕಂಡು ಅದಕ್ಕೆ "ಸೆಲ್" ಎಂದು ಹೆಸರಿಟ್ಟ. ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಹೆಚ್ಚು ಕೋಣೆ ಇರಬೇಕು ಎಂದು ಲೆಕ್ಕವನ್ನೂ ಹಾಕಿದ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಕಾರ್ಕ್ ಅಂದರೆ ಏನು ಅಂತ ಕೇಳಿದರೆ ಪೆಪ್ಸಿ ಮುಚ್ಚಳ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಚಿತ್ರ ತೋರಿಸಿಯೇ ಪಾಠ ಮಾಡಿದ್ದೇನೆ.

ಸ್ನೇಹಿತರಿಂದ ಒಂದು ಕಾರ್ಕ್ ತಂದು ನಿನ್ನೆ ಲ್ಯಾಬಿನಲ್ಲಿ ಮಾಡಿ ನೋಡಿದೆ. ಹೊಸ ಶೇವಿಂಗ್ ಬ್ಲೇಡ್. ಕಾರ್ಕ್‌ನ ತುದಿಯಿಂದ ಈರುಳ್ಳಿ ಪೊರೆಗಿಂತ ತೆಳುವಾಗಿ ಸವರಬೇಕು. ಏಳೆಂಟು ಸಲ ದಪ್ಪ ಬಂತು. ಒಂಬತ್ತನೆಯದು ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳ್ಳಗೆ ಬಂತು. ಗಾಜಿನ ಮೇಲೆ ಇಟ್ಟು ಒಂದು ಹನಿ ನೀರು ಬಿಟ್ಟೆ. ನೀರು ಹರಡಲಿಲ್ಲ. ಕೆಸುವಿನ ಎಲೆ ಮೇಲಿನ ಹನಿ ಹಾಗೆ ಗುಂಡಗೆ ನಿಂತಿತು. ಎರೆಹುಳು ಅವರು ಹೇಳಿದ ಸುಬೆರಿನ್ ಅದೇ. ಆಮೇಲೆ ಕಣ್ಣಿಟ್ಟರೆ ಸಾಲುಸಾಲಾಗಿ ಇಟ್ಟಿಗೆ ಜೋಡಿಸಿದ ಹಾಗೆ ಖಾಲಿ ಕೋಣೆಗಳು. ಇಷ್ಟು ವರ್ಷ ನಾನೂ ಅದನ್ನು ಕಣ್ಣಾರೆ ಕಂಡಿರಲಿಲ್ಲ.

ಆ ಕೋಣೆಗಳಲ್ಲಿ ಗಾಳಿ ತುಂಬಿರುವುದರಿಂದಲೇ ಕಾರ್ಕ್ ಅಷ್ಟು ಹಗುರ. ನೀರಲ್ಲಿ ಹಾಕಿದರೆ ಐದರಲ್ಲಿ ಒಂದು ಪಾಲು ಮಾತ್ರ ಮುಳುಗುತ್ತೆ. ಇನ್ನೊಂದು ಪ್ರಯೋಗವೂ ಆಗುತ್ತೆ. ಕಾರ್ಕ್ ಬಿಲ್ಲೆ ಮೇಲೆ ಆಯಸ್ಕಾಂತಕ್ಕೆ ಉಜ್ಜಿದ ಸೂಜಿ ಇಟ್ಟು ನೀರಲ್ಲಿ ತೇಲಿಬಿಟ್ಟರೆ ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತೆ.

ಹೆಸರು ಹೇಳದೆ ಬರೆದವರಿಗೆ ನನ್ನ ಮಾತು: ವೈನ್ ಕಲೆ ಇರುವ ತುದಿಯನ್ನು ಕತ್ತರಿಸಿ ತೆಗೆದು, ಬಿಲ್ಲೆ ಮಾಡಿಯೇ ತರಗತಿಗೆ ತರುತ್ತೇನೆ. ಮುಖ್ಯೋಪಾಧ್ಯಾಯರಿಗೂ ಪೋಷಕರ ಸಭೆಯಲ್ಲೂ ಮೊದಲೇ ತಿಳಿಸುತ್ತೇನೆ. ತೇಲಿಸುವ ಪ್ರಯೋಗಕ್ಕೆ ಶಟಲ್‌ದು ಸಾಕು. ನಮ್ಮಲ್ಲಿ ಎರಡು ವಿಭಾಗ, 80 ಮಕ್ಕಳು. ಇಡೀ ತೊಗಟೆಯ ಕಾರ್ಕ್ 20 ಸಾಕು. ಪುಡಿ ಅಂಟಿಸಿ ಮಾಡಿದ್ದು ಬೇಡ, ಅದರಲ್ಲಿ ಕೋಣೆಗಳ ಸಾಲು ನೇರ ಸಿಗಲ್ಲ.

ಟ್ರೇ ಹಿಡಿದ ಕೈ (ನಜರ್‌ಬಾದ್), ಜನವರಿ 7

ಮೇಷ್ಟ್ರು ಕೇಳಿದ್ದಕ್ಕೆ ನಾನು ಹೇಳಬಲ್ಲೆ. ಹೋಟೆಲ್‌ನಲ್ಲಿ ಹದಿನಾರು ವರ್ಷ ಬಾಟಲಿ ತೆರೆದಿದ್ದೇನೆ.

ಇಡೀ ತೊಗಟೆಯಿಂದ ಕೊರೆದ ಕಾರ್ಕ್‌ನ ಮೈಮೇಲೆ ಸಣ್ಣ ಕಂದು ಗೆರೆ, ಚುಕ್ಕಿ, ತೂತು ಇರುತ್ತೆ. ಒಂದರ ಹಾಗೆ ಇನ್ನೊಂದು ಇರಲ್ಲ. ಅಂಟಿಸಿದ್ದು ಕಡಲೆಕಾಯಿ ಚಿಕ್ಕಿ ಥರ, ಕಾಳುಕಾಳು ಕಾಣುತ್ತೆ. ಪ್ಲಾಸ್ಟಿಕ್‌ದು ಎಲ್ಲ ಕಡೆ ಒಂದೇ ಸಮ, ಒತ್ತಿದರೆ ರಬ್ಬರ್ ಥರ. ಅನುಮಾನ ಬಂದರೆ ಚಾಕುವಲ್ಲಿ ಅಡ್ಡ ಕತ್ತರಿಸಿ. ಪ್ಲಾಸ್ಟಿಕ್ ಆದರೆ ಒಳಗೆ ಬ್ರೆಡ್ ಥರ ಒಂದೇ ಸಮನೆ ಸಣ್ಣ ಗುಳ್ಳೆ. ಅದನ್ನು ಒಣ ಕಸಕ್ಕೆ ಹಾಕಿ. ಬೆಂಕಿ ಹಚ್ಚಿ ಪರೀಕ್ಷೆ ಮಾಡಬೇಡಿ, ಹೊಗೆ ಕೆಟ್ಟದ್ದು. ಅಣಬೆ ಆಕಾರದ್ದು ಗ್ಯಾಸ್ ಇರುವ ವೈನ್‌ನದು. ಅದು ಮೇಲೆ ಅಂಟಿಸಿದ ಪುಡಿ, ತಳದಲ್ಲಿ ಮಾತ್ರ ನಿಜವಾದ ತೊಗಟೆ ಬಿಲ್ಲೆ.

ಈಗ ನಮ್ಮ ದೇಶದ ಎಷ್ಟೋ ವೈನ್‌ಗೆ ತಿರುಗಿಸುವ ಅಲ್ಯೂಮಿನಿಯಂ ಮುಚ್ಚಳ. ಅದಕ್ಕೆ ಕಾರ್ಕ್ ಮೊದಲಿನಷ್ಟು ಸಿಗಲ್ಲ. ಆದರೂ ಡಿಸೆಂಬರ್‌ನಲ್ಲಿ, ರಿಸೆಪ್ಷನ್ ಇದ್ದ ದಿನ, ಒಂದು ರಾತ್ರಿಗೆ 30-40 ಆಗುತ್ತೆ. ಎಲ್ಲ ಎಂಜಲು ಜೊತೆ ಹೋಗುತ್ತೆ. ನಮ್ಮ ಕೌಂಟರ್ ಹಿಂದೆ ಒಂದು ಸ್ಟೀಲ್ ಡಬ್ಬಿ ಇಡುವುದು ನನ್ನ ಕೈಯಲ್ಲೇ ಇದೆ. ಮ್ಯಾನೇಜರ್‌ಗೆ ಹೇಳಿ ಇಡುತ್ತೇನೆ.

ವಾಲಗ (ಮಂಡಿ ಮೊಹಲ್ಲಾ), ಜನವರಿ 8

ಸ್ಯಾಕ್ಸೊಫೋನ್, ಕ್ಲ್ಯಾರಿನೆಟ್ ರಿಪೇರಿ ನನ್ನ ಕಸುಬು. ಕ್ಲ್ಯಾರಿನೆಟ್‌ನ ತುಂಡುಗಳು ಸೇರುವ ಕಡೆ ಸುತ್ತಲೂ ಕಾರ್ಕ್ ಪಟ್ಟಿ ಇರುತ್ತೆ. ಅದು ಸವೆದರೆ ಗಾಳಿ ಸೋರುತ್ತೆ, ಸ್ವರ ನಿಲ್ಲಲ್ಲ. ನನಗೆ ಬೇಕಾದ್ದು ಉದ್ದದ ತೆಳು ಹಾಳೆ. ಬಾಟಲಿಯ ಕಾರ್ಕ್‌ನಿಂದ ಅದು ಆಗಲ್ಲ, ಆಗುತ್ತೆ ಅಂದರೆ ಸುಳ್ಳಾಗುತ್ತೆ. ಆದರೆ ಕೀಲಿಗಳ ಕೆಳಗೆ ಟಕ್ ಅನ್ನದಂತೆ ಅಂಟಿಸುವ ಸಣ್ಣ ತುಂಡಿಗೆ ಚೆನ್ನಾಗಿ ಬರುತ್ತೆ. ವರ್ಷಕ್ಕೆ 10 ಇದ್ದರೆ ಸಾಕು. ಒಳ್ಳೇ ತೊಗಟೆದು ಕೊಡಿ.

ನಾಲೆಬದಿ (ಮಂಡ್ಯ), ಜನವರಿ 8

ಅಕ್ಕ, ಮೈಸೂರಿನವರ ಚರ್ಚೆಗೆ ಮಂಡ್ಯದವನು ಬಂದೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಇದಕ್ಕೆ ಬೆಂಡು ಅಂತೀವಿ. ನಾವೆಲ್ಲ ಬಾವಿಗೆ ಇಳಿದು ಈಜು ಕಲಿತದ್ದು ಬೆನ್ನಿಗೆ ಬೆಂಡು ಕಟ್ಟಿಕೊಂಡೇ ಕಣಕ್ಕ. ಅದು ಕಾರ್ಕ್ ಅಲ್ಲ, ಒಣಗಿದ ಕತ್ತಾಳೆ ಕಂಬದ್ದು. ಗಾಳ ಹಾಕುವಾಗ ದಾರಕ್ಕೆ ಕಟ್ಟುವುದೂ ಬೆಂಡೇ. ಈಗ ನಾಲೆ ಬದಿ ನೋಡಿದರೆ ಎಲ್ಲರೂ ಥರ್ಮಾಕೋಲ್ ಚೂರು ಕಟ್ಟುತ್ತಾರೆ. ದಾರ ಕಿತ್ತುಹೋದರೆ ಅದು ಪುಡಿಪುಡಿಯಾಗಿ ನೀರಲ್ಲೇ ಉಳಿಯುತ್ತೆ, ಗದ್ದೆಗೂ ಬರುತ್ತೆ. ಭತ್ತದ ಬುಡದಲ್ಲಿ ಬಿಳಿ ಕಾಳು ಕಾಣುತ್ತೆ ನಮಗೆ.

ಕಾರ್ಕ್‌ಗೆ ನಡುವೆ ತೂತು ಮಾಡಿ ದಾರ ಪೋಣಿಸಿದರೆ ಒಳ್ಳೇ ಬೆಂಡು ಆಗುತ್ತೆ. ಕಳೆದುಹೋದರೂ ಮರದ ತೊಗಟೆ ತಾನೆ. ನನಗೆ ಒಂದು 50 ಕೊಡಿ, ನಮ್ಮ ಹುಡುಗರಿಗೆ ಹಂಚುತ್ತೇನೆ. ಅಂಟಿಸಿದ ಪುಡಿಯದು, ಪ್ಲಾಸ್ಟಿಕ್‌ದು ಬೇಡ, ನೀರಿಗೆ ಹೋಗುವ ವಸ್ತು ಅಲ್ವಾ.

ಮೆಟ್ಟಿಲು (ಅಗ್ರಹಾರ), ಜನವರಿ 8

ದಸರಾಗೆ ನಮ್ಮ ಮನೆಯಲ್ಲಿ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸುತ್ತೇವೆ. ಅತ್ತೆಯವರ ಕಾಲದ ಪಟ್ಟದ ಬೊಂಬೆಗಳ ತಳ ಸವೆದು ಅಲ್ಲಾಡುತ್ತವೆ. ಪ್ರತಿ ವರ್ಷ ರಟ್ಟು ಮಡಿಸಿ ಇಡುತ್ತೇನೆ, ಜಾರುತ್ತೆ. ಶಟಲ್‌ನ ಕಾರ್ಕ್ ಹೋಳು ಮಾಡಿ ತಳಕ್ಕೆ ಇಟ್ಟರೆ ಕಚ್ಚಿಕೊಂಡು ನಿಲ್ಲುತ್ತೆ ಅನ್ನಿಸಿತು. ವೈನ್‌ದು ನಮಗೆ ಮನಸ್ಸು ಒಪ್ಪಲ್ಲ, ತಪ್ಪು ತಿಳಿಯಬೇಡಿ. ಚರ್ಮ ತೆಗೆದು ತೊಳೆದ ಶಟಲ್‌ದು ಹತ್ತು ಬೇಕು.

ಒಳಾಂಗಣ, ಜನವರಿ 8

ಇದರಲ್ಲಿ ತಪ್ಪು ತಿಳಿಯಲು ಏನಿದೆ ಮೇಡಂ. ಹತ್ತು ನಾನೇ ಬಿಡಿಸಿ ಕೊಡುತ್ತೇನೆ.

ಸೂಕ್ಷ್ಮ (ಜಯಲಕ್ಷ್ಮೀಪುರಂ), ಜನವರಿ 9

ಕೂಡಿಸುವ ಮೊದಲು ಒಂದು ಎಚ್ಚರಿಕೆ. ತೊಳೆಯುವಾಗ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಕ್ಲೋರಿನ್ ಮತ್ತು ಬೂಷ್ಟು ಸೇರಿದರೆ ಟಿಸಿಎ ಅನ್ನುವ ರಾಸಾಯನಿಕ ಹುಟ್ಟುತ್ತೆ. ಹೆಬ್ಬಾಳದವರು ಹೇಳಿದ ಒದ್ದೆ ಗೋಡೆಯಂಥ ವಾಸನೆ ಅದರದೇ ಜಾತಿ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು ಒಂದು ಲೀಟರ್ ವೈನ್‌ನಲ್ಲಿ ಇದ್ದರೂ ಮೂಗಿಗೆ ಗೊತ್ತಾಗುತ್ತೆ. ಕಾರ್ಕ್ ಕಾರ್ಖಾನೆಗಳೇ ಕ್ಲೋರಿನ್ ಬಿಟ್ಟು ಹೈಡ್ರೋಜನ್ ಪೆರಾಕ್ಸೈಡ್‌ಗೆ ಬದಲಾದದ್ದು ಈ ಕಾರಣಕ್ಕೆ.

ಬಿಸಿನೀರಲ್ಲಿ ಒಂದು ಸಲ ಜಾಲಿಸಿ, ನೆರಳಲ್ಲಿ ಮೂರು ನಾಲ್ಕು ದಿನ ಗಾಳಿಗೆ ಹರಡಿ. ಪ್ಲಾಸ್ಟಿಕ್ ಕವರ್‌ಗೆ ಕಟ್ಟಬೇಡಿ, ಬಟ್ಟೆ ಚೀಲ ಅಥವಾ ಬಿದಿರಿನ ಬುಟ್ಟಿ ಒಳ್ಳೆಯದು. ಹಾಗೇ ಕ್ರಿಸ್‌ಮಸ್‌ಗೆ ಮನೆಯಲ್ಲಿ ದ್ರಾಕ್ಷಿ ವೈನ್ ಮಾಡುವವರು ಹಳೇ ಕಾರ್ಕನ್ನೇ ಮತ್ತೆ ಬಾಟಲಿಗೆ ಹಾಕಬೇಡಿ. ಓಪನರ್ ಚುಚ್ಚಿದ ತೂತಿನಿಂದ ಗಾಳಿ ಹೋಗಿ ಹುಳಿಯಾಗುತ್ತೆ.

ಸಂಪಿಗೆಮರ, ಜನವರಿ 10

ಪಟ್ಟಿ ಬರೆದುಕೊಂಡೆ. ಕುಂಡಕ್ಕೆ 60, ಯಾವುದಾದರೂ ಸರಿ, ಪ್ಲಾಸ್ಟಿಕ್ ಆದರೂ ಸರಿಯಂತೆ. ಶಾಲೆಗೆ 20, ವಾದ್ಯಕ್ಕೆ 10, ಗಾಳಕ್ಕೆ 50, ಇವು ಮೂರೂ ಇಡೀ ತೊಗಟೆಯದು. ಬೊಂಬೆಗೆ ಶಟಲ್‌ದು 10. ಒಟ್ಟು 150. ಟನ್ನೂ ಇಲ್ಲ, ಪೋರ್ಚುಗಲ್‌ಗೆ ಕಳಿಸುವುದೂ ಇಲ್ಲ. ಮುಕ್ಕಾಲು ಕಿಲೋನೂ ಆಗಲ್ಲ. ಆದರೆ ಒಂದೊಂದಕ್ಕೂ ಕಾಯುವ ಕೈ ಇದೆ.

ನನ್ನ 63ನ್ನು ಇವತ್ತು ಬೇರೆ ಮಾಡಿದೆ. ತೊಗಟೆಯದು 41, ಅಂಟಿಸಿದ್ದು 17, ಪ್ಲಾಸ್ಟಿಕ್ 5. ಪ್ಲಾಸ್ಟಿಕ್ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನಮ್ಮ ಯಜಮಾನರು ಕೆಲವದರ ಮೇಲೆ ಪೆನ್ನಲ್ಲಿ ತಾರೀಖು ಬರೆದಿದ್ದಾರೆ. ಅವನ್ನೂ ಕೊಡುತ್ತೇನೆ. ಬೀರುವಲ್ಲಿ ಇರುವುದಕ್ಕಿಂತ ಮಕ್ಕಳ ಸೂಕ್ಷ್ಮದರ್ಶಕದ ಕೆಳಗೆ ಇರಲಿ.

ಚೀಲವನ್ನು ನಮ್ಮ ಗೇಟಿನ ಒಳಗೆ ಸಂಪಿಗೆ ಮರಕ್ಕೆ ತೂಗುಹಾಕುತ್ತೇನೆ. ಬೆಲ್ ಮಾಡಬೇಕಿಲ್ಲ, ಹೆಸರು ಹೇಳಬೇಕಿಲ್ಲ. ಶಟಲ್ ಕೂಡ ಅದೇ ಚೀಲಕ್ಕೆ. 150 ಆದ ದಿನ ಚೀಲ ಇಳಿಸುತ್ತೇನೆ. ಮತ್ತೆ ಯಾರಾದರೂ ಕೇಳಿದರೆ ಮತ್ತೆ ಕಟ್ಟುತ್ತೇನೆ.

ಮೂರನೇಮಹಡಿ, ಜನವರಿ 10

ಮೇಡಂ, ನಮ್ಮ ಅಪಾರ್ಟ್‌ಮೆಂಟ್‌ನವರಿಗೆ ಮತ್ತೆ ಹೇಳಲು ಧೈರ್ಯ ಬಂತು. ಈ ಸಲ ಪಟ್ಟಿಯನ್ನು ಲಿಫ್ಟ್ ಪಕ್ಕ ಅಂಟಿಸುತ್ತೇನೆ, ಯಾರಿಗೆ ಎಷ್ಟು ಅಂತ.

ಬಿಳಿಹಲಗೆ, ಫೆಬ್ರವರಿ 2

ನಿನ್ನೆ ಪ್ರಯೋಗ ಆಯಿತು. ಪೋಷಕರ ಸಭೆಯಲ್ಲಿ ಒಬ್ಬ ತಂದೆ ಮೊದಲು ಬೇಡ ಅಂದರು. ಬಿಲ್ಲೆಗಳನ್ನು ಕೈಗೆ ಕೊಟ್ಟು ಮರದ ವಿಷಯ ಹೇಳಿದೆ. ಮೂಸಿ ನೋಡಿದರು, ಒಪ್ಪಿದರು. ಬ್ಲೇಡ್ ನಾನೇ ಹಿಡಿದೆ, ಮಕ್ಕಳಿಗೆ ಕೊಡಲಿಲ್ಲ. ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿದರು. ಎರಡು ಪೀರಿಯಡ್ ಸಾಲದೆ ಊಟದ ಬಿಡುವೂ ಹೋಯಿತು. "ಸಾರ್, ಒಳಗೆ ಯಾರೂ ಇಲ್ಲ, ಬರೀ ಮನೆ" ಎಂದಳು ಒಬ್ಬ ಹುಡುಗಿ. ಹುಕ್ ನೋಡಿದ್ದೂ ಅದನ್ನೇ, ಸತ್ತ ಕೋಶಗಳ ಗೋಡೆ ಮಾತ್ರ. ಇಡೀ ಪಾಠ ಅಲ್ಲಿಂದಲೇ ಮುಂದುವರಿಯಿತು.

ಸಂಪಿಗೆಮರ, ಫೆಬ್ರವರಿ 3

ಓದಿ ಕಣ್ಣು ತುಂಬಿತು ಮೇಷ್ಟ್ರೇ.

ಇನ್ನೊಂದು ಸುದ್ದಿ. ಕಸದ ಗಾಡಿಯ ಅಮ್ಮನಿಗೆ ನಾಲ್ಕು ಕಾರ್ಕ್ ತೋರಿಸಿ, ಇದು ಹಸಿಯೂ ಅಲ್ಲ, ಒಣವೂ ಅಲ್ಲ, ನಮ್ಮ ಮರದ ಚೀಲಕ್ಕೆ ಎಂದು ಹೇಳಿದೆ. ಹಿಂದಿನ ಬೀದಿಯಲ್ಲಿ ಎರಡು ಮನೆಯಿಂದ ಬರುತ್ತವೆ ಎಂದರು. ಅವರು ಹೆಕ್ಕಿ ತರುವುದು ಬೇಡ ಎಂದು ನಾನೇ ಆ ಮನೆಗಳಿಗೆ ಹೋಗಿ ಹೇಳಿ ಬಂದೆ. ಸಂಜೆ ಅಮ್ಮ ವಾಪಸ್ ಬಂದು, ಮನೆಯ ಕಬ್ಬಿಣದ ಮಂಚದ ಕಾಲು ರೆಡ್ ಆಕ್ಸೈಡ್ ನೆಲಕ್ಕೆ ಗೀರು ಹಾಕುತ್ತೆ, ನಾಲ್ಕು ಸಿಗುತ್ತಾ ಎಂದು ಕೇಳಿದರು. ಪಟ್ಟಿಗೆ ಸೇರಿಸಿದ್ದೇನೆ. ಶಾಲೆಗೆ ಕೊಟ್ಟದ್ದೂ ಸೇರಿ ಇದುವರೆಗೆ 131 ಬಂದಿವೆ. ತೊಗಟೆಯದು ಇನ್ನೂ 23 ಬೇಕು, ನಾಲೆಬದಿಯವರದು ಹತ್ತಿರ ಹತ್ತಿರ ಅರ್ಧ ಬಾಕಿ ಇದೆ.

ಹೆಸರು ಬೇಡ, ಫೆಬ್ರವರಿ 3

ನಮ್ಮ ಆಫೀಸಿನ ಶಟಲ್ ಕೋರ್ಟ್‌ನಿಂದ 26 ಶಟಲ್ ತಂದಿಟ್ಟಿದ್ದೇನೆ. ಪುಕ್ಕ ತೆಗೆದಿದ್ದೇನೆ, ಚರ್ಮ ತೆಗೆಯಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ಚೀಲಕ್ಕೆ ಹಾಕಿ ಹೋಗುತ್ತೇನೆ.